ಮೀನಿನ ಪೊಟ್ಟಣದೊಳಗೆ ಕೋಳಿ ಹೇಗೆ ಬಂತು?

ಗುಂಡನ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮನೆ ಬೆಕ್ಕು ಗುಂಡನಿಗೆ ಈಗ 4 ವರ್ಷ. ಮೂರು ತಿಂಗಳಿಂದ ಕುತ್ತಿಗೆ, ಕಿವಿಯ ಹಿಂದೆ ಕೆರೆದುಕೊಂಡು ಕೆರೆದುಕೊಂಡು ಗಾಯ ಮಾಡಿಕೊಂಡಿದ್ದಾನೆ. ಚಿಗಟಕ್ಕೆ ಔಷಧಿ ಹಾಕಿಸಿದ್ದಾಯಿತು. ಚರ್ಮದ ಪರೀಕ್ಷೆಯೂ ಆಯಿತು. ಕೊನೆಗೆ ಡಾಕ್ಟರು, ಊಟದ ಅಲರ್ಜಿ ಇರಬಹುದು, ಚಿಕನ್ ನಿಲ್ಲಿಸಿ ನೋಡಿ ಎಂದರು.

ಅವತ್ತೇ ಚಿಕನ್ ಡ್ರೈ ಫುಡ್ ನಿಲ್ಲಿಸಿ ಮೀನಿನದು ತಂದೆ. ಪೊಟ್ಟಣದ ಮೇಲೆ ಅಷ್ಟು ದೊಡ್ಡ ಮೀನಿನ ಚಿತ್ರ. 'ಓಷನ್ ಫಿಶ್ ಫ್ಲೇವರ್' ಎಂದು ಬರೆದಿದೆ. ಐದು ವಾರ ಅದನ್ನೇ ಹಾಕಿದೆ. ಕೆರೆತ ಒಂಚೂರೂ ಕಡಿಮೆ ಆಗಲಿಲ್ಲ.

ನಿನ್ನೆ ರಾತ್ರಿ ಹಿಂದಿನ ಸಣ್ಣ ಅಕ್ಷರ ಓದಿದೆ. ಮೊದಲು ಧಾನ್ಯಗಳು. ಆಮೇಲೆ ಚಿಕನ್ ಮೀಲ್, ಅಂದರೆ ಕೋಳಿಯ ಪುಡಿ. ಆಮೇಲೆ ಸೋಯಾ, ಚಿಕನ್ ಎಣ್ಣೆ. ಮೀನಿನ ಹೆಸರು ಬರುವುದು ಏಳನೆಯದಾಗಿ! ಐದು ವಾರ ನಾನೇ ಕೈಯಾರೆ ಕೋಳಿ ತಿನ್ನಿಸಿದ್ದೇನೆ. ತುಂಬಾ ಸಂಕಟ ಆಗ್ತಿದೆ. ಮುಂದೆ ಮೀನು ಎಂದು ಬರೆದು ಒಳಗೆ ಕೋಳಿ ಹಾಕಲು ಬಿಡುತ್ತಾರಾ? ಇದನ್ನು ಹೇಗೆ ಓದಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಸನದ ಹುಡುಗ

ಅಕ್ಕ, ನಿಮ್ಮ ತಪ್ಪಲ್ಲ. ನಾನು ಪಶು ಆಹಾರ ಕಾರ್ಖಾನೆಯ ಲ್ಯಾಬ್‌ನಲ್ಲಿ ಆರು ವರ್ಷ ಕೆಲಸ ಮಾಡಿದವನು. ಮೊದಲು 'ಫ್ಲೇವರ್' ಪದದ ಬಗ್ಗೆ ಹೇಳ್ತೀನಿ, ನಿಮ್ಮನ್ನು ದಾರಿ ತಪ್ಪಿಸಿದ್ದು ಅದೇ.

ಫ್ಲೇವರ್ ಅಂದರೆ ರುಚಿ ಅಷ್ಟೇ. ಒಳಗೆ ಇಷ್ಟು ಮೀನು ಇರಬೇಕು ಎಂಬ ಲೆಕ್ಕ ಆ ಪದಕ್ಕಿಲ್ಲ. ಡ್ರೈ ಫುಡ್ ಕಾಳು ಮಷೀನಿನಿಂದ ಉಬ್ಬಿ ಹೊರಗೆ ಬಂದು ಒಣಗಿದ ಮೇಲೆ ಅದಕ್ಕೆ ಕೊಬ್ಬು ಸಿಂಪಡಿಸುತ್ತಾರೆ. ಜೊತೆಗೆ ಡೈಜೆಸ್ಟ್ ಎಂಬ ದ್ರವ ಅಥವಾ ಪುಡಿ. ಮಾಂಸವನ್ನೋ ಲಿವರನ್ನೋ ಕಿಣ್ವ ಹಾಕಿ ಕರಗಿಸಿ ಮಾಡಿದ ಸಾರ ಅದು. ಬೆಕ್ಕು ಮೂಸಿ ನೋಡಿ ಬಾಯಿ ಹಾಕುವುದೇ ಅದರ ವಾಸನೆಗೆ. ಒಳಗಿನ ಕಾಳು ಕೋಳಿಯದೇ ಇದ್ದರೂ ಮೇಲಿನ ಲೇಪ ಮೀನಿನದಾದರೆ ಮೀನಿನ ಫ್ಲೇವರ್ ಆಗಿಬಿಡುತ್ತದೆ.

ಇನ್ನು ಕಾನೂನಿನ ಮಾತು. ನಮ್ಮಲ್ಲಿ 2006ರ ಆಹಾರ ಸುರಕ್ಷತಾ ಕಾಯ್ದೆ ಮನುಷ್ಯರ ಆಹಾರಕ್ಕೆ. 'ಆಹಾರ' ಎಂಬ ಅದರ ವ್ಯಾಖ್ಯೆಯಲ್ಲೇ ಪ್ರಾಣಿಗಳ ಆಹಾರವನ್ನು ಹೊರಗಿಟ್ಟಿದ್ದಾರೆ. ನಾಯಿ, ಬೆಕ್ಕಿನ ಆಹಾರಕ್ಕೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಐಎಸ್ 11968 ಎಂಬ ಮಾನದಂಡ ಇದೆ. ತೂಕ, ಎಂಆರ್‌ಪಿ, ತಯಾರಾದ ತಿಂಗಳು, ಕಂಪನಿ ವಿಳಾಸ ಹಾಕಬೇಕು ಎಂಬುದು ಪ್ಯಾಕ್ ಮಾಡಿದ ಸರಕುಗಳ 2011ರ ನಿಯಮದಿಂದ ಬಂದದ್ದು. ಮುಂದಿನ ಹೆಸರಿಗೂ ಒಳಗಿನ ಮಾಂಸಕ್ಕೂ ಅದು ಲೆಕ್ಕ ಕಟ್ಟುವುದಿಲ್ಲ. ಹಾಗಾಗಿ ಚಿತ್ರ ನೋಡಿ ಕೊಳ್ಳಲೇಬೇಡಿ.

ಟೆಕ್ಸಸ್ ಬೆಕ್ಕಿನಮನೆ

ಪಾಪ ಗುಂಡ. ಇಲ್ಲಿ ಅಮೆರಿಕದಲ್ಲಿ ಹೆಸರಿಗೆ ಲೆಕ್ಕ ಇದೆ. ಅದನ್ನು ಕಲಿತ ಮೇಲೆ ನಾನು ಅಂಗಡಿಯಲ್ಲಿ ಪೊಟ್ಟಣ ನೋಡುವ ರೀತಿಯೇ ಬದಲಾಯಿತು.

ಆಫ್ಕೋ ಎಂಬ ಸಂಸ್ಥೆ ಮಾದರಿ ನಿಯಮ ಮಾಡುತ್ತದೆ. ರಾಜ್ಯಗಳ ಪಶು ಆಹಾರ ಅಧಿಕಾರಿಗಳೆಲ್ಲ ಸೇರಿ 1909ರಲ್ಲಿ ಕಟ್ಟಿದ್ದು. ಡಬ್ಬಿಯ ಮೇಲೆ ಬರೀ 'ಟ್ಯೂನಾ ಕ್ಯಾಟ್ ಫುಡ್' ಎಂದಿದ್ದರೆ, ತಯಾರಿಕೆಗೆ ಹಾಕಿದ ನೀರು ಬಿಟ್ಟು ಶೇ 95ರಷ್ಟು ಟ್ಯೂನಾ ಇರಬೇಕು. ನೀರು ಸೇರಿಸಿದರೂ ಶೇ 70ಕ್ಕೆ ಕಡಿಮೆ ಆಗಬಾರದು. ಅದೇ 'ಟ್ಯೂನಾ ಡಿನ್ನರ್' ಎಂದರೆ ಶೇ 25 ಇದ್ದರೆ ಸಾಕು. ಡಿನ್ನರ್ ಜಾಗದಲ್ಲಿ ಎಂಟ್ರೇ, ಪ್ಲ್ಯಾಟರ್, ಫಾರ್ಮುಲಾ, ರೆಸಿಪಿ ಅಂತೆಲ್ಲ ಇರಬಹುದು, ಎಲ್ಲಕ್ಕೂ ಲೆಕ್ಕ ಅದೇ. 'ವಿತ್ ಟ್ಯೂನಾ' ಎಂದಾಗ ಶೇ 3 ಅಷ್ಟೇ. ಫ್ಲೇವರ್‌ಗೆ ಶೇಕಡಾ ಲೆಕ್ಕವೇ ಇಲ್ಲ, ರುಚಿ ಗೊತ್ತಾಗುವಷ್ಟಿದ್ದರೆ ಆಯಿತು.

'ಟ್ಯೂನಾ ಕ್ಯಾಟ್ ಫುಡ್', 'ಕ್ಯಾಟ್ ಫುಡ್ ವಿತ್ ಟ್ಯೂನಾ' ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಪದ ಆಚೀಚೆ ಆದದ್ದಷ್ಟೇ, 95 ಇದ್ದದ್ದು 3ಕ್ಕೆ ಬಂತು!

ಇನ್ನೊಂದು ಮಾತು. ಬೈ ಪ್ರಾಡಕ್ಟ್ ಎಂದು ಕಂಡರೆ ನಾನು ವಾಪಸ್ ಇಟ್ಟುಬಿಡುತ್ತೇನೆ. ಬೇಡದ ಕಸ ಎಲ್ಲ ಅದರಲ್ಲಿ ಹೋಗುತ್ತದೆ.

ಪಶುವೈದ್ಯ ವಿದ್ಯಾರ್ಥಿನಿ, ಹೆಬ್ಬಾಳ

ಮೇಡಂ, ಹೆಸರಿನ ಲೆಕ್ಕ ಸರಿಯಾಗಿ ಹೇಳಿದ್ದೀರಿ. ಬೈ ಪ್ರಾಡಕ್ಟ್ ವಿಷಯದಲ್ಲಿ ಮಾತ್ರ ನನಗೆ ಒಪ್ಪಿಗೆ ಇಲ್ಲ. ಆಫ್ಕೋ ವ್ಯಾಖ್ಯೆಯಲ್ಲೇ ಮಾಂಸದ ಬೈ ಪ್ರಾಡಕ್ಟ್ ಎಂದರೆ ಶ್ವಾಸಕೋಶ, ಗುಲ್ಮ, ಮೂತ್ರಪಿಂಡ, ಲಿವರ್, ರಕ್ತ, ತೊಳೆದ ಹೊಟ್ಟೆ ಮತ್ತು ಕರುಳು ಇಂಥವು. ಕೂದಲು, ಕೊಂಬು, ಹಲ್ಲು, ಗೊರಸು ಅದರಲ್ಲಿ ಬರುವುದಿಲ್ಲ.

ನಮ್ಮೂರಲ್ಲಿ ಬೋಟಿ ಗೊಜ್ಜು, ಲಿವರ್ ಫ್ರೈ, ಕಾಲು ಸೂಪು ಇಷ್ಟಪಟ್ಟು ತಿನ್ನುತ್ತೇವೆ ಅಲ್ವಾ? ಯಾರೂ ಕಸ ಎನ್ನುವುದಿಲ್ಲ. ಇಲಿ ಹಿಡಿದ ಬೆಕ್ಕು ಬರೀ ತೊಡೆಯ ಮಾಂಸ ತಿಂದು ಉಳಿದದ್ದು ಬಿಡುವುದಿಲ್ಲ. ಅದಕ್ಕೆ ವಿಟಮಿನ್ ಎ ಸಿಗುವುದೇ ಲಿವರ್‌ನಂಥ ಜಾಗದಿಂದ. ನಾವು ಕ್ಯಾರೆಟ್ ತಿಂದು ವಿಟಮಿನ್ ಎ ಮಾಡಿಕೊಳ್ಳುತ್ತೇವೆ, ಬೆಕ್ಕಿನ ದೇಹಕ್ಕೆ ಅದು ಆಗುವುದಿಲ್ಲ. ಹಾಗಾಗಿ ಆ ಪದ ಕಂಡ ಕೂಡಲೇ ಕೆಟ್ಟದ್ದು ಎನ್ನಬೇಡಿ. ಅದು ಎಷ್ಟು ತಾಜಾ, ಎಷ್ಟು ಶುಚಿ ಎಂಬುದು ಲೇಬಲ್‌ನಲ್ಲಿ ಬರುವುದಿಲ್ಲ. 'ರಿಯಲ್ ಚಿಕನ್' ಎಂದು ಬರೆದದ್ದರ ಗುಣಮಟ್ಟವೂ ಲೇಬಲ್‌ನಲ್ಲಿ ಬರುವುದಿಲ್ಲ. ಪ್ರೀಮಿಯಂ, ಗೌರ್ಮೆ, ಹೋಲಿಸ್ಟಿಕ್ ಎಂಬ ಪದಗಳಿಗಂತೂ ಆಫ್ಕೋದಲ್ಲೂ ವ್ಯಾಖ್ಯೆ ಇಲ್ಲ.

ಗುಂಡನ ಅಮ್ಮನವರೇ, ನಿಮಗೆ ಮುಖ್ಯವಾಗುವುದು ಬೇರೆ. 'ಚಿಕನ್ ಮೀಲ್' ಎಂದು ಬರೆದಿದ್ದರೆ ಕೋಳಿ ಎಂದಾದರೂ ಗೊತ್ತಾಗುತ್ತದೆ. ಬರೀ 'ಮೀಟ್', 'ಪೌಲ್ಟ್ರಿ', 'ಅನಿಮಲ್ ಫ್ಯಾಟ್' ಎಂದಿದ್ದರೆ ಯಾವ ಪ್ರಾಣಿ ಎಂದೇ ಗೊತ್ತಾಗುವುದಿಲ್ಲ. ಅಲರ್ಜಿ ಇರುವ ಬೆಕ್ಕಿಗೆ ಅದು ಅಪಾಯ.

ಟೆಕ್ಸಸ್ ಬೆಕ್ಕಿನಮನೆ

ಲಿವರ್ ವಿಷಯ ನಾನು ಹೀಗೆ ಯೋಚಿಸಿರಲಿಲ್ಲ. ಧನ್ಯವಾದ. ಆದರೂ ಪ್ರಾಣಿಯ ಹೆಸರಿಲ್ಲದ ಪೊಟ್ಟಣ ನಾನು ತರುವುದಿಲ್ಲ.

ಪಶುವೈದ್ಯ ವಿದ್ಯಾರ್ಥಿನಿ, ಹೆಬ್ಬಾಳ

ಆ ಮಾತಿಗೆ ನನ್ನದೂ ಪೂರ್ತಿ ಒಪ್ಪಿಗೆ.

ಧಾರವಾಡದ ಪೇಢಾ

ಒಂದು ಪ್ರಶ್ನೆ ಕೇಳತೀನ್ರಿ. ನಮ್ಮ ಮನಿ ಬೆಕ್ಕಿನ ಡ್ರೈ ಫುಡ್ ಚೀಲದ ಮೇಲೆ ಪ್ರೋಟೀನ್ ಶೇ 30 ಅಂತ ಐತಿ. ವೆಟ್ ಫುಡ್ ಪೌಚ್ ಮೇಲೆ ಬರೇ ಶೇ 8. ರೇಟ್ ನೋಡಿದರ ಪೌಚೇ ಜಾಸ್ತಿ. ಹಂಗಾದರ ಪೌಚ್ ತಗೊಳ್ಳೋದು ಸುಮ್ನೆ ರೊಕ್ಕ ಹಾಳಲ್ಲೇನ್ರಿ?

ಹಾಸನದ ಹುಡುಗ

ಒಳ್ಳೆ ಪ್ರಶ್ನೆ ಸರ್. ನೀರು ತೆಗೆದು ಲೆಕ್ಕ ಹಾಕಬೇಕು. ಪೌಚ್ ಮೇಲೆ ತೇವಾಂಶ ಶೇ 85 ಎಂದಿದೆ ಅಂದುಕೊಳ್ಳಿ. ಉಳಿದ ಒಣ ಭಾಗ 15. ಅದರಲ್ಲಿ 8 ಪ್ರೋಟೀನ್. 8ನ್ನು 15ರಿಂದ ಭಾಗಿಸಿ, ಶೇ 53 ಬರುತ್ತದೆ. ಡ್ರೈ ಫುಡ್‌ನಲ್ಲಿ ತೇವಾಂಶ 10 ಎಂದರೆ ಒಣ ಭಾಗ 90. 30ನ್ನು 90ರಿಂದ ಭಾಗಿಸಿದರೆ ಶೇ 33. ಈಗ ಯಾವುದರಲ್ಲಿ ಪ್ರೋಟೀನ್ ಜಾಸ್ತಿ ನೋಡಿ. ಬೆಳೆದ ಬೆಕ್ಕಿಗೆ ಕನಿಷ್ಠ ಶೇ 26, ಮರಿಗೆ ಶೇ 30 ಇರಬೇಕು ಎಂದು ಆಫ್ಕೋ ಹೇಳುವುದೂ ಈ ಒಣ ಲೆಕ್ಕದಲ್ಲೇ.

ದುಡ್ಡಿನ ವಿಷಯದಲ್ಲಿ ನಿಮ್ಮ ಮಾತೂ ಸರಿ. 85 ಗ್ರಾಂ ಪೌಚಿನಲ್ಲಿ ಒಣ ಭಾಗ 13 ಗ್ರಾಂ ಕೂಡ ಇರುವುದಿಲ್ಲ. ಬರೀ ಪೌಚಿನಲ್ಲೇ ಹೊಟ್ಟೆ ತುಂಬಿಸಲು ದಿನಕ್ಕೆ ಹಲವು ಬೇಕು. ಆದರೆ ಬೆಕ್ಕು ತಾನಾಗಿ ನೀರು ಕುಡಿಯುವುದು ಕಡಿಮೆ, ಪೌಚಿನ ನೀರು ಅದಕ್ಕೆ ಒಳ್ಳೆಯದು. ಎರಡನ್ನೂ ಸೇರಿಸಿ ಹಾಕಬಹುದು.

ಈ ನೀರಿನ ಲೆಕ್ಕ ಪಟ್ಟಿಯಲ್ಲೂ ಆಟ ಆಡುತ್ತದೆ. ಪದಾರ್ಥಗಳ ಪಟ್ಟಿಯನ್ನು ತೂಕದ ಪ್ರಕಾರ ಬರೆಯುತ್ತಾರೆ. ಅದೂ ಬೇಯಿಸುವ ಮೊದಲಿನ ತೂಕ. ಹಸಿ ಕೋಳಿಯಲ್ಲಿ ಹತ್ತಿರ ಹತ್ತಿರ ಶೇ 70 ನೀರು. ಹಾಗಾಗಿ 'ಫ್ರೆಶ್ ಚಿಕನ್' ಸುಲಭವಾಗಿ ಮೊದಲ ಜಾಗಕ್ಕೆ ಬಂದು ಕೂರುತ್ತದೆ. ಒಣಗಿಸಿದ ಮೇಲೆ ಉಳಿಯುವುದು ಸ್ವಲ್ಪ. ಚಿಕನ್ ಮೀಲ್ ಹಾಗಲ್ಲ. ನೀರು, ಕೊಬ್ಬು ತೆಗೆದ ಪುಡಿ ಅದು. ಪಟ್ಟಿಯಲ್ಲಿ ಕೆಳಗಿದ್ದರೂ ಪ್ರೋಟೀನ್ ಜಾಸ್ತಿ ಕೊಡುತ್ತಿರಬಹುದು.

ಇನ್ನೊಂದು ಕೈಚಳಕ ಗಮನಿಸಿ. ಮೆಕ್ಕೆಜೋಳ ಒಂದೇ ಹೆಸರಲ್ಲಿ ಬಂದರೆ ಮೊದಲ ಜಾಗ ಅದಕ್ಕೇ. ಅದನ್ನೇ ಮೆಕ್ಕೆಜೋಳ, ಮೆಕ್ಕೆಜೋಳದ ಹಿಟ್ಟು, ಕಾರ್ನ್ ಗ್ಲುಟೆನ್ (ಅದರ ಪ್ರೋಟೀನ್ ಭಾಗ) ಎಂದು ಮೂರು ಮಾಡಿದರೆ ಮೂರೂ ಕೆಳಗಿಳಿಯುತ್ತವೆ. ಚಿಕನ್ ಮೇಲಕ್ಕೆ ಬರುತ್ತದೆ. ಮೂರನ್ನೂ ಮನಸ್ಸಿನಲ್ಲೇ ಕೂಡಿಸಿ ಓದಿ.

ಕರಾವಳಿ ಬೆಕ್ಕು

ಇಷ್ಟೆಲ್ಲ ಲೆಕ್ಕ ಯಾಕೆ? ನಮ್ಮ ಉಡುಪಿ ಕಡೆ ಬೆಕ್ಕಿಗೆ ಭೂತಾಯಿ, ಬಂಗುಡೆ ಹಾಕಿಯೇ ಸಾಕುತ್ತೇವೆ. ಅಮ್ಮ ಮೀನು ಕೊಯ್ಯಲು ಕೂತರೆ ಸುತ್ತ ನಾಲ್ಕು ಬೆಕ್ಕು. ಗುಂಡನಿಗೂ ಮೀನೇ ಹಾಕಿ ಅಕ್ಕ. ಒಳಗೆ ಏನಿದೆ ಎಂದು ಕಣ್ಣಿಗೇ ಕಾಣುತ್ತದೆ.

ಪಶುವೈದ್ಯ ವಿದ್ಯಾರ್ಥಿನಿ, ಹೆಬ್ಬಾಳ

ಅಕ್ಕ, ನಿಮ್ಮ ಅಂಗಳದ ಬೆಕ್ಕುಗಳು ಇಲಿ, ಹಲ್ಲಿ, ಹಕ್ಕಿ ಎಲ್ಲ ಹಿಡಿದು ತಿನ್ನುತ್ತವೆ. ಮೀನು ಅವುಗಳ ಊಟದ ಒಂದು ಭಾಗ ಅಷ್ಟೇ. ಅಪಾರ್ಟ್‌ಮೆಂಟ್ ಒಳಗೇ ಇರುವ ಗುಂಡನಿಗೆ ನಾವು ಹಾಕಿದ್ದೇ ಎಲ್ಲ. ಬರೀ ಮೀನು ಹಾಕಿದರೆ ತೊಂದರೆ ಆಗುತ್ತದೆ. ಭೂತಾಯಿಯಂಥ ಕೆಲವು ಹಸಿ ಮೀನುಗಳಲ್ಲಿ ವಿಟಮಿನ್ ಬಿ1 ನಾಶ ಮಾಡುವ ಕಿಣ್ವ ಇರುತ್ತದೆ. ಬೇಯಿಸಿದರೆ ಆ ಕಿಣ್ವ ಹೋಗುತ್ತದೆ. ಆದರೆ ಬರೀ ಎಣ್ಣೆ ಮೀನೇ ತಿಂದು ವಿಟಮಿನ್ ಇ ಸಾಲದೆ ಬಂದಾಗ ಮೈಯ ಕೊಬ್ಬು ಊದಿಕೊಂಡು ನೋವಾಗುವ ಕಾಯಿಲೆಯೂ ಇದೆ. ಇನ್ನು ಸಾರಿನ ಮೀನು ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕಣಗಳನ್ನು ಒಡೆಯುತ್ತವೆ.

ಬೆಕ್ಕಿನಲ್ಲಿ ಅಲರ್ಜಿ ಹೆಚ್ಚಾಗಿ ಕಂಡಿರುವುದೇ ದನದ ಮಾಂಸ, ಮೀನು, ಕೋಳಿಗೆ. ಕೋಳಿ ಬಿಟ್ಟು ಮೀನಿಗೆ ಹೋದರೆ ಗುಂಡನಿಗೆ ಗುಣ ಆಗೇ ಆಗುತ್ತದೆ ಎನ್ನುವ ಹಾಗೂ ಇಲ್ಲ.

ಕರಾವಳಿ ಬೆಕ್ಕು

ಈರುಳ್ಳಿ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಇವತ್ತೇ ಅಮ್ಮನಿಗೆ ಫೋನ್ ಮಾಡಿ ಹೇಳುತ್ತೇನೆ. ಸಾರು ಕಲಸಿದ ಅನ್ನ ದಿನವೂ ಹಾಕುತ್ತಿದ್ದರು.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿನ ಕಥೆ ಸ್ವಲ್ಪ ಹೇಳುತ್ತೇನೆ, ಗುಂಡನ ವಿಷಯಕ್ಕೆ ಹತ್ತಿರ ಇದೆ. ಇಲ್ಲಿ ಮತ್ತು ಯುರೋಪಿನಲ್ಲಿ 'ವಿತ್ ಚಿಕನ್' ಎಂದರೆ ಶೇ 4 ಇದ್ದರೆ ಸಾಕು. 'ರಿಚ್ ಇನ್ ಚಿಕನ್' ಎಂದರೆ ಶೇ 14. ಹಿಂದೆ ತಿರುಗಿಸಿದರೆ 'ಮಾಂಸ ಮತ್ತು ಪ್ರಾಣಿಜನ್ಯ ಪದಾರ್ಥಗಳು, ಅದರಲ್ಲಿ ಚಿಕನ್ ಶೇ 4' ಎಂದಿರುತ್ತದೆ.

ಮೊದಲ ಸಲ ಓದಿದಾಗ, ಅಯ್ಯೋ ಮಾಂಸ ಬರೀ ಶೇ 4 ಎಂದುಕೊಂಡೆ. ಹಾಗಲ್ಲ. ಒಟ್ಟು ಮಾಂಸ ಅದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ಹೆಸರು ಹೇಳಿದ ಪ್ರಾಣಿಯದು 4. ಉಳಿದದ್ದು ಬೇರೆ ಬೇರೆ ಪ್ರಾಣಿಗಳದು. ಯಾವುದು ಎಂದು ಬಿಡಿಸಿ ಬರೆಯಬೇಕಾಗಿಲ್ಲ. ಇವತ್ತಿನ ಪೌಚಿನಲ್ಲಿ ಹಂದಿ, ಮುಂದಿನ ತಿಂಗಳು ದನ ಇದ್ದರೂ ಲೇಬಲ್ ಅದೇ. ಸುರಕ್ಷತೆಗೆ ಬೇರೆ ಕಾನೂನು ಇದೆ. ಬಳಸುವ ಪ್ರಾಣಿ ವಸ್ತು ಮನುಷ್ಯರ ಊಟಕ್ಕೆ ಯೋಗ್ಯ ಎಂದು ಪಾಸಾದ ಪ್ರಾಣಿಯದೇ ಆಗಿರಬೇಕು. ಹಾಗಾಗಿ ಆರೋಗ್ಯವಂತ ಬೆಕ್ಕಿಗೆ ಚಿಂತೆ ಇಲ್ಲ. ಅಲರ್ಜಿಯ ಬೆಕ್ಕಿಗೆ ಮಾತ್ರ ಈ ಲೇಬಲ್ ಏನೂ ಹೇಳುವುದಿಲ್ಲ.

ಇಲ್ಲಿ ನಾನು ಮೊದಲು ಹುಡುಕುವ ಪದ 'ಕಂಪ್ಲೀಟ್'. 'ಕಾಂಪ್ಲಿಮೆಂಟರಿ' ಎಂದಿದ್ದರೆ ಅದು ಪೂರ್ತಿ ಊಟ ಅಲ್ಲ, ಜೊತೆಗೆ ಕೊಡುವ ತಿನಿಸು. ನಾರು ನಾರಾಗಿ ಮೀನು ಕಾಣುವ, ಮಾಂಸ ಶೇ 70 ಎಂದು ಹೆಮ್ಮೆಯಿಂದ ಬರೆದ ಪುಟ್ಟ ಡಬ್ಬಿಗಳು ಎಷ್ಟೋ ಕಾಂಪ್ಲಿಮೆಂಟರಿಯೇ. ನಾನು ಎರಡು ತಿಂಗಳು ನಮ್ಮ ಬೆಕ್ಕಿಗೆ ಅದನ್ನೇ ಪೂರ್ತಿ ಊಟವಾಗಿ ಹಾಕಿದ್ದೆ. ಡಾಕ್ಟರು ಡಬ್ಬಿ ತರಿಸಿ ತೋರಿಸಿದ ಮೇಲೆ ಗೊತ್ತಾಯಿತು.

ಪಶುವೈದ್ಯ ವಿದ್ಯಾರ್ಥಿನಿ, ಹೆಬ್ಬಾಳ

ಸರ್, ಇದು ತುಂಬಾ ಮುಖ್ಯವಾದ ಮಾತು. ನಮ್ಮಲ್ಲಿ ಸಿಗುವ ಥಾಯ್ಲೆಂಡಿನ ಪೌಚ್, ಚೀಪುವ ಕ್ರೀಮ್ ಟ್ಯೂಬುಗಳನ್ನೂ ತಿರುಗಿಸಿ ನೋಡಿ. ಟ್ರೀಟ್ ಎಂದೋ ಕಾಂಪ್ಲಿಮೆಂಟರಿ ಎಂದೋ ಮೂಲೆಯಲ್ಲಿರುತ್ತದೆ.

ಮಾಂಸ ಜಾಸ್ತಿ ಇದ್ದ ಮಾತ್ರಕ್ಕೆ ಊಟ ಪೂರ್ತಿ ಆಗುವುದಿಲ್ಲ. ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಬೇಕಾದಷ್ಟು ಮಾಡಿಕೊಳ್ಳಲಾರದು. 1987ರಲ್ಲಿ ಅಮೆರಿಕದ ಪಶುವೈದ್ಯರು ಒಂದು ವಿಷಯ ಕಂಡುಹಿಡಿದರು. ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳಿಗೆ ಟಾರಿನ್ ಕೊರತೆ ಇತ್ತು. ಅವು ತಿನ್ನುತ್ತಿದ್ದದ್ದು ಅಂಗಡಿಯ ಬೆಕ್ಕಿನ ಆಹಾರವೇ. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಅದಾದ ಮೇಲೆ ಕಂಪನಿಗಳು ಟಾರಿನ್ ಹೆಚ್ಚಿಸಿದವು. ಈಗ ಡ್ರೈ ಫುಡ್‌ನಲ್ಲಿ ಕನಿಷ್ಠ ಶೇ 0.1, ಡಬ್ಬಿಯ ಆಹಾರದಲ್ಲಿ ಶೇ 0.2 ಇರಬೇಕು, ಇದೂ ಒಣ ಲೆಕ್ಕದಲ್ಲಿ. ಟಾರಿನ್ ಸೇರಿಸಿದ್ದಾರೆ ಎಂದು ಪಟ್ಟಿಯಲ್ಲಿ ಕಂಡರೆ ಹೆದರಬೇಡಿ, ಅದು ಇರಲೇಬೇಕು.

ಧಾರವಾಡದ ಪೇಢಾ

ಪ್ರೋಟೀನ್ ಶೇಕಡಾ ನಂಬಬಹುದೇನ್ರಿ ಹಂಗಾದರ?

ಹಾಸನದ ಹುಡುಗ

ಅರ್ಧ ನಂಬಬಹುದು. ಪೊಟ್ಟಣದ ಮೇಲೆ 'ಕ್ರೂಡ್ ಪ್ರೋಟೀನ್' ಎಂದಿರುತ್ತದೆ. ನಾವು ಲ್ಯಾಬ್‌ನಲ್ಲಿ ನೇರವಾಗಿ ಪ್ರೋಟೀನ್ ಅಳೆಯುತ್ತಿರಲಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಿದ್ದೆವು. ಸಾರಜನಕ ಕೋಳಿಯಿಂದ ಬಂತೋ ಸೋಯಾದಿಂದ ಬಂತೋ ಆ ಪರೀಕ್ಷೆಗೆ ಗೊತ್ತಾಗುವುದಿಲ್ಲ.

2007ರಲ್ಲಿ ಅಮೆರಿಕದಲ್ಲಿ ಆದದ್ದೂ ಇದೇ ಪರೀಕ್ಷೆಯ ದೌರ್ಬಲ್ಯದಿಂದ. ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದರು. ಮೆಲಮೈನ್‌ನಲ್ಲಿ ಸಾರಜನಕ ಜಾಸ್ತಿ, ಹಾಗಾಗಿ ಪರೀಕ್ಷೆಯಲ್ಲಿ ಪ್ರೋಟೀನ್ ಜಾಸ್ತಿ ಕಂಡಿತು. ಅದನ್ನು ತಿಂದ ಎಷ್ಟೋ ಬೆಕ್ಕು, ನಾಯಿಗಳು ಕಿಡ್ನಿ ಕೆಟ್ಟು ಸತ್ತವು. ಮೆನು ಫುಡ್ಸ್ ಎಂಬ ಕೆನಡಾದ ಕಂಪನಿಯೊಂದೇ ಆ ಮಾರ್ಚಿನಲ್ಲಿ 6 ಕೋಟಿ ಡಬ್ಬಿ, ಪೌಚ್ ವಾಪಸ್ ಕರೆಸಿಕೊಂಡಿತು. ನಮ್ಮ ಲ್ಯಾಬ್‌ನಲ್ಲಿ ಹೊಸಬರಿಗೆ ಮೊದಲ ದಿನ ಹೇಳುತ್ತಿದ್ದ ವಿಷಯ ಅದು. ಇವತ್ತಿಗೂ ನೆನೆದರೆ ಹೊಟ್ಟೆ ಕಿವುಚುತ್ತದೆ.

ಟೆಕ್ಸಸ್ ಬೆಕ್ಕಿನಮನೆ

ಗುಂಡನ ಅಮ್ಮನವರೇ, ಇನ್ನೊಂದು ವಿಷಯ ತಿಳಿದಿರಲಿ. ಕ್ಯಾಲಿಫೋರ್ನಿಯಾದ ಚಾಪ್‌ಮನ್ ವಿಶ್ವವಿದ್ಯಾಲಯದವರು ನಾಯಿ, ಬೆಕ್ಕಿನ ಆಹಾರದ 52 ಪೊಟ್ಟಣಗಳ ಡಿಎನ್‌ಎ ಪರೀಕ್ಷೆ ಮಾಡಿದ್ದರು. 31 ಲೇಬಲ್‌ಗೆ ಸರಿಹೊಂದಿದವು. 20ರಲ್ಲಿ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆ ಆಗಲಿಲ್ಲ. ಒಂದನ್ನು ಖಚಿತ ಮಾಡಲು ಆಗಲಿಲ್ಲ. ಒಂದೇ ಮಷೀನಿನಲ್ಲಿ ಬೇರೆ ಬೇರೆ ಆಹಾರ ಮಾಡುವಾಗಲೂ ಹೀಗೆ ಸೇರಿಕೊಳ್ಳಬಹುದು. ಹಾಗಾಗಿ ಪಟ್ಟಿಯಲ್ಲಿ ಕೋಳಿ ಇಲ್ಲದ ಪೊಟ್ಟಣ ಹುಡುಕಿ ತಂದರೂ ಪೂರ್ತಿ ಖಾತ್ರಿ ಇಲ್ಲ.

ಪಶುವೈದ್ಯ ವಿದ್ಯಾರ್ಥಿನಿ, ಹೆಬ್ಬಾಳ

ಅದಕ್ಕೇ ಅಲರ್ಜಿ ಪರೀಕ್ಷೆಗೆ ಅಂಗಡಿಯ ಪೊಟ್ಟಣ ಬಳಸಬಾರದು. ಪ್ರೋಟೀನನ್ನು ಚೂರು ಚೂರಾಗಿ ಒಡೆದು ಮಾಡಿದ ಆಹಾರ ಇದೆ, ಹೈಡ್ರೊಲೈಸ್ಡ್ ಎನ್ನುತ್ತಾರೆ. ಅಷ್ಟು ಸಣ್ಣ ಚೂರನ್ನು ಅಲರ್ಜಿ ಸಾಮಾನ್ಯವಾಗಿ ಗುರುತಿಸುವುದಿಲ್ಲ. ನಿಮ್ಮ ಡಾಕ್ಟರ ಹತ್ತಿರ ಕೇಳಿ. 8 ವಾರ ಅದೊಂದೇ ಕೊಡಿ. ಟ್ರೀಟ್ ಬೇಡ, ಕ್ರೀಮ್ ಟ್ಯೂಬ್ ಬೇಡ, ಪಕ್ಕದ ಮನೆಯವರು ಕೊಡುವ ಚೂರೂ ಬೇಡ. ಚಿಕನ್ ರುಚಿಯ ಹುಳದ ಮಾತ್ರೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕಡಿಮೆ ಆದ ಮೇಲೆ ಡಾಕ್ಟರು ಹೇಳಿದ ಹಾಗೆ ಬೇಯಿಸಿದ ಕೋಳಿ ಸ್ವಲ್ಪ ಕೊಟ್ಟು ನೋಡಬೇಕು. ಮತ್ತೆ ಕೆರೆತ ಬಂದರೆ ಮಾತ್ರ ಕೋಳಿಯೇ ಕಾರಣ ಎನ್ನಬಹುದು.

ಗುಂಡನ ಅಮ್ಮ, ಬೆಂಗಳೂರು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ. ನಾಳೆಯೇ ಪೊಟ್ಟಣದ ಹಿಂಭಾಗದ ಫೋಟೋ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗುತ್ತೇನೆ.

ಗುಂಡನ ಅಮ್ಮ, ಬೆಂಗಳೂರು (ಎರಡೂವರೆ ತಿಂಗಳ ನಂತರ)

ಗುಂಡನ ಸುದ್ದಿ ಹೇಳಲು ಬಂದೆ. ಡಾಕ್ಟರು ಹೈಡ್ರೊಲೈಸ್ಡ್ ಆಹಾರವನ್ನೇ ಬರೆದುಕೊಟ್ಟರು. ಮೊದಲ ಮೂರು ದಿನ ಬಟ್ಟಲು ಮೂಸಿ ಹೋಗಿಬಿಡುತ್ತಿದ್ದ. ಹಳೆಯ ಊಟದ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಒಂದು ವಾರದಲ್ಲಿ ಬದಲಾಯಿಸಿದೆ. ನಾಲ್ಕನೇ ವಾರಕ್ಕೆ ಕೆರೆತ ಕಡಿಮೆ ಆಯಿತು. ಎಂಟನೇ ವಾರಕ್ಕೆ ಗಾಯ ಪೂರ್ತಿ ಒಣಗಿ, ಕುತ್ತಿಗೆಯಲ್ಲಿ ಹೊಸ ಕೂದಲು ಬಂತು.

ಆಮೇಲೆ ಡಾಕ್ಟರು ಹೇಳಿದ ಹಾಗೆ ಬೇಯಿಸಿದ ಕೋಳಿ ದಿನಾ ಒಂದು ಚಮಚ ಕೊಟ್ಟೆ. ಐದನೇ ದಿನ ಬೆಳಿಗ್ಗೆ ಕಿವಿಯ ಹಿಂದೆ ಮತ್ತೆ ಕೆರೆಯುತ್ತಾ ಕೂತಿದ್ದ. ಅವತ್ತೇ ನಿಲ್ಲಿಸಿದೆ. ಕೋಳಿಯೇ ಎಂದು ಖಚಿತ ಆಯಿತು. ಮೀನಿನ ಪರೀಕ್ಷೆ ಮುಂದಿನ ತಿಂಗಳು.

ಕರಾವಳಿ ಬೆಕ್ಕು

ಓದಿ ಎಷ್ಟು ಖುಷಿ ಆಯ್ತು ಅಕ್ಕ! ಮೀನಿಗೆ ಅವನಿಗೆ ಏನೂ ಆಗದಿರಲಿ ಎಂದು ಬೇಡಿಕೊಳ್ಳುತ್ತೇನೆ. ನಮ್ಮ ಅಮ್ಮ ಈಗ ಸಾರು ಒಲೆಗೆ ಇಡುವ ಮೊದಲೇ ಬೆಕ್ಕಿನ ಪಾಲು ಬೇರೆ ಬೇಯಿಸಿ ತೆಗೆದಿಡುತ್ತಾರೆ.